ಬೋಳು ಹಣೆಯ ಗುರುತು

1975ರಲ್ಲಿ ನಾನು ನಮ್ಮ ಬ್ಯಾಂಕಿನ ಚಿತ್ರದುರ್ಗದ ಕಚೇರಿಯಲ್ಲಿ ತನಿಖಾಧಿಕಾರಿಯಾಗಿದ್ದೆ. ಶಾಖೆಗಳಲ್ಲಿ ಎಡವಟ್ಟಾದಾಗ ಹೋಗಿ ವಿಚಾರಿಸಿ ವರದಿ ಬರೆಯುವುದು ನನ್ನ ಕೆಲಸ. ನಾನು ಬಸ್ಸಿಳಿದರೆ ಸಾಕು, ಶಾಖೆಯವರ ಮುಖ ಸಪ್ಪಗಾಗುತ್ತಿತ್ತು. ಕಾಫಿ ಮಾತ್ರ ಬಿಸಿಯಾಗಿಯೇ ಬರುತ್ತಿತ್ತು. ಆ ಬೇಸಿಗೆಯಲ್ಲಿ ಹೊಸದುರ್ಗದ ಶಾಖೆಯಿಂದ ಟ್ರಂಕ್ ಕಾಲ್ ಬಂತು. ಹೊಳಲ್ಕೆರೆ ಮೇಲಿನ ಬಸ್ಸು ಹಿಡಿದು ಹೋದೆ.

ಆಗ ನಮ್ಮ ಖಾತೆದಾರರಲ್ಲಿ ಅನೇಕರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಹೆಬ್ಬೆಟ್ಟೊತ್ತುವವರು ಹಣ ತೆಗೆಯಬೇಕಾದರೆ ಖುದ್ದಾಗಿ ಬರಬೇಕು, ಪಾಸ್‌ಬುಕ್ಕಿನ ಫೋಟೊಗೂ ಮುಖಕ್ಕೂ ತಾಳೆ ನೋಡಬೇಕು, ಪರಿಚಯದವರೊಬ್ಬರು ಇವರೇ ಅವರೆಂದು ಸಾಕ್ಷಿ ಹಾಕಬೇಕು. ಇದನ್ನು ಐಡೆಂಟಿಫಿಕೇಶನ್ ಎನ್ನುತ್ತಿದ್ದೆವು.

ಬಾಗೂರು ಕಡೆಯ ತಿಪ್ಪಮ್ಮನ ಗಂಡ ಗಣಿಯೊಂದರಲ್ಲಿ ಕೆಲಸಕ್ಕಿದ್ದ. ಬದುಕಿದ್ದಾಗಲೇ ಹೆಂಡತಿಯ ಹೆಸರನ್ನೂ ಸೇರಿಸಿ ಖಾತೆ ತೆರೆದಿದ್ದ. ಅದಕ್ಕೆಂದು ತೆಗೆಸಿದ ಫೋಟೊದಲ್ಲಿ ತಿಪ್ಪಮ್ಮ ಕಾಸಗಲದ ಕುಂಕುಮ, ಕೈತುಂಬ ಬಳೆ, ಮುಡಿತುಂಬ ಹೂವು ಇಟ್ಟುಕೊಂಡು ನಗು ತಡೆಯಲಾಗದೆ ಕೂತಿದ್ದಳು. ಮುಂದೆ ಬಂಡೆ ಉರುಳಿ ಗಂಡ ಸತ್ತ. ಪರಿಹಾರವೆಂದು ಬಂದ ನಾಲ್ಕು ಸಾವಿರ ರೂಪಾಯಿ ಆ ಖಾತೆಗೆ ಜಮೆಯಾಯಿತು. ಮಕ್ಕಳಿರಲಿಲ್ಲವಾಗಿ ಅಣ್ಣ ಹನುಮಂತಪ್ಪ ಅವಳನ್ನು ತವರಿಗೆ ಕರೆತಂದ. ಪಾಸ್‌ಬುಕ್ ಅವನ ಪೆಟ್ಟಿಗೆ ಸೇರಿತು.

ಅವರ ಮನೆತನದಲ್ಲಿ ಗಂಡ ಸತ್ತು ತವರಿಗೆ ಬಂದವಳು ಮೂರು ತಿಂಗಳು ಹೊಸಿಲು ದಾಟಬಾರದು. ಅದು ಮುಗಿದ ಮೇಲೆ ತಿಪ್ಪಮ್ಮ ಒಬ್ಬಳೇ ಬ್ಯಾಂಕಿಗೆ ಬಂದಳು. ನಾಲ್ಕು ಕುರಿ ಹಿಡಿದು, ಊರ ಕೆರೆಯ ಹತ್ತಿರ ಒಂದು ಕೋಣೆ ಎಬ್ಬಿಸಿಕೊಂಡು, ಅತ್ತಿಗೆಯ ಕೈ ನೋಡದೆ ಬದುಕಬೇಕು ಎಂಬುದು ಅವಳ ಆಸೆ. ಅಕೌಂಟೆಂಟ್ ಸದಾಶಿವಯ್ಯ, ಹಣವನ್ನೆಲ್ಲ ಆಗಲೇ ತೆಗೆದುಕೊಂಡು ಹೋಗಿದ್ದೀಯಲ್ಲಮ್ಮ, ನಿನ್ನ ಅಣ್ಣನೇ ಕರೆತಂದಿದ್ದ ಎಂದರು.

“ನಾನು ಹೊಸ್ಲು ದಾಟಿರಾದೇ ಇವತ್ತು ಸಾರ್” ಎಂದಳಂತೆ ತಿಪ್ಪಮ್ಮ. ಅಣ್ಣನ ಹೆಸರು ಕೇಳಿದ ಮೇಲೆ ಎದ್ದು ಊರಿಗೆ ಹೊರಟುಹೋದಳಂತೆ. ಅದರ ಬೆನ್ನಿಗೇ ನಮಗೆ ಟ್ರಂಕ್ ಕಾಲ್ ಬಂದದ್ದು.

ಸದಾಶಿವಯ್ಯ ಕಟ್ಟುನಿಟ್ಟಿನ ಮನುಷ್ಯ. ಇಂಥವರ ಕಣ್ಣಿಗೆ ಮಣ್ಣೆರಚಿದ್ದು ಹೇಗೆ ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಹೇಳಿದರು: ಹನುಮಂತಪ್ಪ ಕರೆತಂದ ಹೆಂಗಸು ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ಕೈಯಲ್ಲಿ ಬಳೆಯಿಲ್ಲ, ಕೊರಳು ಬರಿದು. ಸಾಲ ಕೊಟ್ಟವರು ಬಾಗಿಲಲ್ಲಿ ಕೂತಿದ್ದಾರೆ, ಅದಕ್ಕೇ ಸೂತಕದ ಮನೆಯಿಂದ ಎಬ್ಬಿಸಿ ತಂದೆ ಎಂದ ಅಣ್ಣನೇ ಸಾಕ್ಷಿಯನ್ನೂ ಹಾಕಿದ. ಸೆರಗು ಸರಿಸಿದಾಗ ಕಂಡ ಬೋಳು ಹಣೆ ನೋಡಿ ಸದಾಶಿವಯ್ಯನವರಿಗೆ ಕರುಳು ಚುರ್ರೆಂದಿತು. ಆ ಹೂ ಮುಡಿದ ಫೋಟೊವನ್ನು ಆ ಮುಖದ ಪಕ್ಕ ಹಿಡಿಯಲು ಮನಸ್ಸಾಗಲಿಲ್ಲ. ತಲೆ ಬಗ್ಗಿಸಿ, ಅವಳ ಕೈಯನ್ನಷ್ಟೇ ನೋಡುತ್ತಾ ಹೆಬ್ಬೆಟ್ಟು ಒತ್ತಿಸಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೂ ಅವರ ಜಾಗದಲ್ಲಿದ್ದರೆ ನಾನೂ ಹಾಗೇ ತಲೆ ಬಗ್ಗಿಸುತ್ತಿದ್ದೆನೇನೋ ಎನಿಸಿತು.

ಮಾರನೆಯ ದಿನ ಸದಾಶಿವಯ್ಯನವರೊಂದಿಗೆ ತಿಪ್ಪಮ್ಮನ ತವರೂರಿಗೆ ಹೋದೆ. ಹನುಮಂತಪ್ಪ ಜಗಲಿಯ ಮೇಲೆ ಕಂಬಳಿ ಹಾಸಿ ಕೂರಿಸಿದ. ಅವಳೇ ಬಂದು ತೆಗೆದುಕೊಂಡಳು, ದುಃಖದಲ್ಲಿ ಮರೆತಿದ್ದಾಳೆ ಎಂದು ಕಣ್ಣು ಮಿಟುಕಿಸದೆ ಹೇಳಿದ. ಅಷ್ಟರಲ್ಲಿ ಅವನ ಹೆಂಡತಿ ಚೊಂಬಿನಲ್ಲಿ ನೀರು ತಂದಳು. ಹಣೆಗೆ ಕುಂಕುಮ, ಕೊರಳಲ್ಲಿ ತಾಳಿ, ಕೈತುಂಬ ಹಸಿರು ಬಳೆ. ನೀರಿಗೆ ಕೈಚಾಚಿದ ಸದಾಶಿವಯ್ಯ ಚೊಂಬು ಹಿಡಿಯದೆ ಹಾಗೇ ಕೂತರು. ಅವಳ ಮುಂಗೈ ಮೇಲೆ ಚೇಳಿನ ಹಚ್ಚೆಯಿತ್ತು. ಬ್ಯಾಂಕಿನಲ್ಲಿ ತಾವು ಹಿಡಿದು ಮಸಿ ಹಚ್ಚಿಸಿದ ಕೈ ಇದೇ ಎಂದು ಅಂಗಳಕ್ಕೆ ಬಂದು ಪಿಸುಗುಟ್ಟಿದರು.

ಗಂಡ ಕಣ್ಣೆದುರಿಗಿರುವಾಗಲೇ ಅವಳು ತಾಳಿ ತೆಗೆದಿಟ್ಟು, ಬಳೆ ಕಳಚಿ, ಕುಂಕುಮ ಅಳಿಸಿಕೊಂಡು ಬಂದಿದ್ದಳು. ಅದನ್ನು ಮಾಡಿಸಿದವನೂ ಆ ಗಂಡನೇ. ನಮ್ಮ ಸೀಮೆಯಲ್ಲಿ ಇಂಥದ್ದನ್ನು ಯಾರೂ ಕನಸಿನಲ್ಲೂ ಎಣಿಸುವುದಿಲ್ಲ. ಮೋಸ ನಡೆದದ್ದೇ ಆ ನಂಬಿಕೆಯ ಮೇಲೆ.

ತಿಪ್ಪಮ್ಮನನ್ನು ಹಿತ್ತಿಲ ಬೇವಿನ ಮರದ ಕೆಳಗೆ ಕರೆದು ಕೂರಿಸಿದೆ. ಹಣವನ್ನು ಬೇರೆಯವರಿಗೆ ಕೊಟ್ಟ ತಪ್ಪು ಬ್ಯಾಂಕಿನದು, ಹೆಬ್ಬೆಟ್ಟು ನಿನ್ನದಲ್ಲವೆಂದು ದೂರು ಕೊಟ್ಟರೆ ಬ್ಯಾಂಕೇ ನಿನ್ನ ಹಣ ತುಂಬಿಕೊಡುತ್ತದೆ ಎಂದು ಬಿಡಿಸಿ ಹೇಳಿದೆ. ಅವಳ ಮುಖ ಒಂದು ಗಳಿಗೆ ಅರಳಿತು. ಅದು ಫೋಟೊದಲ್ಲಿದ್ದ ಮುಖವೇ.

“ಅಣ್ಣಂಗೆ ಏನ್ ಮಾಡ್ತೀರಿ?” ಎಂದು ಕೇಳಿದಳು.

ಸುಳ್ಳು ಹೇಳಲಾಗಲಿಲ್ಲ. ಪೊಲೀಸರು ಬರುತ್ತಾರೆ, ಅವನನ್ನೂ ಅತ್ತಿಗೆಯನ್ನೂ ಕರೆದೊಯ್ಯುತ್ತಾರೆ ಎಂದೆ. ಅವಳು ಒಳಮನೆಯತ್ತ ತಿರುಗಿ ನೋಡಿದಳು.

“ಆ ಹೆಬ್ಬೆಟ್ಟು ನಂದೇ ಅಂತ ಬರ್ಕಳ್ರಿ ಸಾರ್.”

ಗಾಬರಿಯಾಗಿ, ಬೆರಳಚ್ಚು ತಜ್ಞರಿಗೆ ಕಳಿಸಿದರೆ ನಿಜ ಹೊರಬರುತ್ತದಮ್ಮ ಎಂದೆ.

“ಬಂದ್ರೆ ಬರ್ಲಿ. ನಾನು ನಂದೇ ಅಂತೀನಿ. ಇವ್ರನ್ನ ಜೈಲಿಗೆ ಕಳಿಸಿದ್ರೆ ಊರಾಗೆ ನಂಗೆ ನೀರು ಕೊಡೋರು ಯಾರೈದಾರೆ? ದುಡ್ಡು ಕೊಡ್ತೀರಿ ನೀವು, ತವರು ಕೊಡ್ತೀರಾ?”

ಅವಳು ಹೇಳಿದಂತೆ ಬರೆದುಕೊಂಡೆ. ಮಸಿ ಹಚ್ಚಿಕೊಂಡು ಹೆಬ್ಬೆಟ್ಟೊತ್ತಿದಳು. ನನಗನಿಸಿದ್ದನ್ನೂ ವರದಿಯಲ್ಲಿ ಸೇರಿಸಿ ಮೇಲಕ್ಕೆ ಕಳಿಸಿದೆ. ಖಾತೆದಾರಳೇ ಒಪ್ಪಿದ ಮೇಲೆ ನಮಗೇನು ಎಂದು ಮೇಲಿನವರು ಫೈಲು ಮುಚ್ಚಿದರು. ಸದಾಶಿವಯ್ಯನವರ ನೌಕರಿ ಉಳಿಯಿತು. ಹನುಮಂತಪ್ಪ ಹೊಸ ಪಂಪ್‌ಸೆಟ್ ಹಾಕಿಸಿದನೆಂದೂ, ಅದರ ನೀರನ್ನು ಹೊಲಕ್ಕೆ ಕಟ್ಟುವವಳು ತಿಪ್ಪಮ್ಮನೆಂದೂ ಆಮೇಲೆ ಅವರೇ ಹೇಳಿದರು.

ನಿವೃತ್ತನಾಗುವವರೆಗೂ ಹೋದ ಶಾಖೆಯಲ್ಲೆಲ್ಲ ನಾನು ಒಂದನ್ನು ಹೇಳುತ್ತಿದ್ದೆ: ಮುಖ ನೋಡಿ, ಅಳುತ್ತಿದ್ದರೂ ನೋಡಿ, ಕರುಣೆಯಿಂದ ಕಣ್ಣು ತಗ್ಗಿಸಿದರೆ ಕಳ್ಳನಿಗೆ ದಾರಿ ಬಿಟ್ಟಂತೆ. ಖಾತೆದಾರರಿಗೂ ಹೇಳುತ್ತಿದ್ದೆ, ಪಾಸ್‌ಬುಕ್ ಒಡಹುಟ್ಟಿದವರ ಕೈಗೂ ಕೊಡಬೇಡಿ ಎಂದು. ಹಾಗೆ ಹೇಳುವಾಗಲೆಲ್ಲ ಬೇವಿನ ಮರದ ಕೆಳಗೆ ಅವಳು ಕೇಳಿದ ‘ತವರು ಕೊಡ್ತೀರಾ?’ ಎಂಬ ಪ್ರಶ್ನೆ ನೆನಪಾಗುತ್ತಿತ್ತು. ಅದಕ್ಕೆ ಕೊಡುವಂಥದ್ದು ನಮ್ಮ ಬ್ಯಾಂಕಿನಲ್ಲಿ ಏನೂ ಇರಲಿಲ್ಲ.