ರತ್ನಕ್ಕನ ರಬ್ಬರ್ ಮೀನು

ಹಲ್ಲುಗಳ ನಡುವೆ ಸೂಜಿ ಕಚ್ಚಿಕೊಂಡು, ಮೂಗು ಹರಿದ ರಬ್ಬರ್ ಮೀನನ್ನು ಬೆಳಕಿಗೆ ಹಿಡಿದು ನೋಡುವಾಗ ರತ್ನಕ್ಕನ ಮುಖದಲ್ಲಿ ಡಾಕ್ಟರ ಗಾಂಭೀರ್ಯವಿರುತ್ತಿತ್ತು. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯವಳು. ವಾರವೆಲ್ಲ ರವಿಕೆ ಹೊಲಿಯುವಳು, ಭಾನುವಾರ ಮೀನು ಹಿಡಿಯುವ ರಾಡು ಹಿಡಿದು ಕೆರೆಗೆ ಹೊರಡುವಳು. ಎರೆಹುಳು ಮುಟ್ಟಲು ಅವಳಿಗೆ ಅಸಹ್ಯ, ಅದಕ್ಕೇ ಗಾಳಕ್ಕೆ ಈ ಮೆತ್ತನೆಯ ರಬ್ಬರ್ ಮೀನು. ಕಾಡಿನಾಚೆ ಕೇರಳದ ಬತ್ತೇರಿಯ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗಂಡ ಊರಿಗೆ ಬಂದಾಗ ತಂದುಕೊಡುತ್ತಿದ್ದ.

ನನ್ನನ್ನೂ ಒಮ್ಮೆ ಕರೆದೊಯ್ದಳು. ನಾನು ಗಾಳವನ್ನು ಹೇಗೋ ಚುಚ್ಚಿ ಎಸೆದೆ. ರಬ್ಬರ್ ಮೀನು ಸೊಟ್ಟಗಾಗಿ, ನೀರಿನಲ್ಲಿ ಗಿರಗಿರ ತಿರುಗಿ, ಸೀಳಿಕೊಂಡು ಬಂತು.

"ಅಯ್ಯೋ, ಕೊಂದ್‌ಬುಟ್ಯಲ್ಲಮ್ಮಿ! ಮೊದ್ಲು ಗಾಳಾನ ಪಕ್ಕಕ್ಕಿಟ್ಟು ಅಳತೆ ನೋಡು. ಮೂಗಿನ ನಡುಮಧ್ಯ ಚುಚ್ಚಿದ್ರೆ ನೆಟ್ಟಗೆ ಒಳಗೇ ಓಗಿ ಬೆನ್ನಲ್ಲಿ ಬರ್ಬೇಕು. ತಪ್ಪಿ ಇನ್ನೊಂದ್ಸಲ ಚುಚ್ಚಿದ್ರೆ ತೂತು ದೊಡ್ದಾಯ್ತದೆ ಕಣಮ್ಮಿ." ಕೊನೆಗೆ ಜಾರದಂತೆ ಮೂಗಿಗೆ ಒಂದು ತೊಟ್ಟು ಗಮ್ಮು.

ಹರಿದದ್ದನ್ನೂ ಬಿಸಾಡುತ್ತಿರಲಿಲ್ಲ. ಒಲೆಯಲ್ಲಿ ಸೂಜಿ ಕಾಯಿಸಿ, ಸೀಳನ್ನು ಕರಗಿಸಿ ಅಂಟಿಸುತ್ತಿದ್ದಳು. "ಅಡಿಗೆ ಮನೇಲಿ ಟಯರ್ ಸುಡ್ತೀಯೇನವ್ವಾ?" ಎಂದು ಅವಳ ಅತ್ತೆ ಕೂಗುತ್ತಿದ್ದರು. ಹೆಂಗಸು ಗಾಳ ಹಾಕುವುದೇ ಅವರಿಗೆ ನಾಚಿಕೆಗೇಡು. ಒಂದು ದಿನ ಸಿಟ್ಟಿಗೆದ್ದು ರಬ್ಬರ್ ಮೀನುಗಳನ್ನೆಲ್ಲ ಕಸದ ಗಾಡಿಗೆ ಸುರಿದುಬಿಟ್ಟರು. ರತ್ನಕ್ಕ ಊಟ ಬಿಟ್ಟಳು, ಮಾತೂ ಬಿಟ್ಟಳು. ಉಳಿದದ್ದು ರಾಡಿಗೇ ಸಿಕ್ಕಿಸಿದ್ದ ಒಂದೇ ಒಂದು, ಮೈತುಂಬ ತೇಪೆಯದು.

ಆ ಭಾನುವಾರ ಅದನ್ನೇ ಹಿಡಿದು ಹೊರಟಳು. ನಾನೂ ಹೋದೆ. ಜೊಂಡಿನ ಪಕ್ಕ ನೀರು ಸಿಡಿಯಿತು, ರಾಡು ಬಾಗಿತು. ಎಳೆದಾಡಿ ದಡಕ್ಕೆ ತಂದದ್ದು ಮೊಳಕ್ಕಿಂತ ಉದ್ದದ ಕೊರವ ಮೀನು. ರತ್ನಕ್ಕ ಮೊದಲು ನೋಡಿದ್ದು ಅದನ್ನಲ್ಲ, ಅದರ ಬಾಯೊಳಗಿದ್ದ ರಬ್ಬರ್ ಮೀನನ್ನು. "ತೇಪೆ ಬುಟ್ಟಿಲ್ಲ ಕಣಮ್ಮಿ!" ಎಂದು ಕುಣಿದಳು.

ಕೊರವವನ್ನು ತಂದು ಅತ್ತೆಯ ಮುಂದಿಟ್ಟಳು. ಅವರು ಅದನ್ನು ಎತ್ತಿ ತೂಕ ನೋಡಿ, "ಮಸಾಲೆ ನಾನೇ ಅರೀತೀನಿ ಬುಡು, ನಿಂಗೆ ಉಪ್ಪು ಉಳಿ ಗೊತ್ತಾಗಲ್ಲ" ಎಂದರು. ಟಯರಿನ ಮಾತು ಆಮೇಲೆ ಬರಲಿಲ್ಲ.

ಈ ವರ್ಷ ಗಂಡ ಬತ್ತೇರಿಯಲ್ಲೇ ಮನೆ ಮಾಡಿದ. ರಾತ್ರಿ ಬಂಡೀಪುರ ಕಾಡಿನ ಗೇಟು ಮುಚ್ಚುವ ಮೊದಲೇ ದಾಟಬೇಕೆಂದು ರತ್ನಕ್ಕ ಸಂಜೆಯ ಬಸ್ಸಿಗೆ ಅತ್ತೆಯನ್ನೂ ಹೊಲಿಗೆ ಯಂತ್ರವನ್ನೂ ಹತ್ತಿಸಿಕೊಂಡು ಹೊರಟಳು. ನನಗೊಂದು ಡಬ್ಬಿ ಹೊಸ ರಬ್ಬರ್ ಮೀನು ಕೊಟ್ಟಳು. ಬಸ್ಸು ಕದಲಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: "ಬಿಸಿಲಲ್ಲಿ ಬುಟ್‌ಬುಡ್ಬೇಡ! ಮೈ ಮುದುರ್ಕೋಬಾರ್ದು, ನೆಟ್ಟಗೆ ಮಲಗ್ಸು! ಮೂಗು ಜೋಪಾನ ಕಣಮ್ಮಿ!"

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನನ್ನ ತೋಳು ಸವರಿ ಕೇಳಿದರು: "ಮಗೀಗೆ ಎಷ್ಟು ತಿಂಗ್ಳವ್ವಾ?"