ಬೇಕಾದರೆ ಇನ್ನೊಂದು ಮಾತ್ರೆ

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ದಾರಿಯಲ್ಲಿದ್ದ ಆ ವೃದ್ಧಾಶ್ರಮದಲ್ಲಿ ನರ್ಸ್ ಸುಲೋಚನಾಗೆ ಕನ್ನಡ ಕೇಳಲು ಇದ್ದದ್ದು ಒಂದೇ ಒಂದು ಬಾಯಿ. ಅವಳು ದಾವಣಗೆರೆಯವಳು, ಬ್ಯಾಂಕಿನಲ್ಲಿದ್ದ ಗಂಡನಿಗೆ ವರ್ಗವಾದಾಗ ವಿಶಾಖಪಟ್ಟಣಕ್ಕೆ ಬಂದವಳು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ವಾಪಸು ಹೋಗಬೇಕೆಂದರೆ ಬಾ ಎನ್ನುವವರು ಯಾರಾದರೂ ಬೇಕಲ್ಲ!

ಆ ಬಾಯಿ ವಿಜಯಲಕ್ಷ್ಮಮ್ಮನದು. ಬಳ್ಳಾರಿಯಲ್ಲಿ ಹುಟ್ಟಿ, ವಿಜಯವಾಡದ ಒನ್ ಟೌನಿನ ಬಟ್ಟೆ ವ್ಯಾಪಾರಿಯ ಮನೆ ಸೇರಿ, ಅರವತ್ತು ವರ್ಷ ತೆಲುಗು ಮಾತಾಡಿದ ಮುದುಕಿ. ಮರೆವು ಹತ್ತಿದಾಗ ಮೊದಲು ಹೋದದ್ದು ಆ ತೆಲುಗೇ. ಸಂಜೆ ಸುಲೋಚನಾ ಒಗ್ಗರಣೆ ಮಂಡಕ್ಕಿ ತಂದರೆ, “ನೀ ತಿಂದ್ಯೇನವ್ವಾ?” ಎಂದು ಕೇಳಿಯೇ ಬಾಯಿ ತೆರೆಯುತ್ತಿದ್ದಳು. ಆ ಒಂದು ಮಾತಿಗಾಗಿ ಸುಲೋಚನಾ ದಿನವಿಡೀ ಕಾಯುತ್ತಿದ್ದಳು.

1991ರ ಬೇಸಿಗೆಯಲ್ಲಿ ಮುದುಕಿ ಎಂದೋ ಸತ್ತ ಅಕ್ಕನನ್ನು ಕೂಗಿ ಕೂಗಿ ಕರೆಯತೊಡಗಿದಳು. ಡಾಕ್ಟರು ಹ್ಯಾಲೊಪೆರಿಡಾಲ್ ಬರೆದರು: ದಿನಕ್ಕೆ ಒಂದು, ಬೇಕಾದರೆ ಇನ್ನೊಂದು. ಬೇಕಾಗುವುದು ಯಾರಿಗೆ ಎಂದು ಚೀಟಿಯಲ್ಲಿ ಬರೆದಿರಲಿಲ್ಲ. ನರ್ಸುಗಳ ಮಟ್ಟಿಗೆ ಅದು ಗಲಾಟೆ ಇಳಿಸುವ ಮಾತ್ರೆ, ಅಷ್ಟೆ. ಕೂಗು ನಿಂತಿತು. ಆದರೆ ಮುದುಕಿ ವರಾಂಡದ ಈ ತುದಿಯಿಂದ ಆ ತುದಿಗೆ ಬಿಡದೆ ನಡೆಯತೊಡಗಿದಳು.

“ಕುಂದ್ರಾಕ ಆಗವಲ್ದವ್ವಾ, ಕಾಲಾಗ ಏನೋ ಹರದಾಡ್ತೈತಿ,” ಎಂದು ಸುಲೋಚನಾಳ ಕೈ ಹಿಡಿದು ಹೇಳಿದಳು.

ಅರಳುಮರಳು ಎಂದುಕೊಂಡ ಸುಲೋಚನಾ, ರಿಪೋರ್ಟಿನಲ್ಲಿ ‘ಗಲಾಟೆ’ ಎಂದು ಬರೆದು ಇನ್ನೊಂದು ಕೊಟ್ಟಳು. ಮುದುಕಿ ಉಗುಳಿದಾಗ ಮಾತ್ರೆಯನ್ನು ಪುಡಿ ಮಾಡಿ ಮಂಡಕ್ಕಿಗೇ ಬೆರೆಸಿದಳು. ಎರಡು ವಾರ ಹೀಗೇ ನಡೆಯಿತು. ಮುದುಕಿಯ ಕೈ ಸೆಟೆಯಿತು, ಜೊಲ್ಲು ಇಳಿಯಿತು, ಮಾತು ನಿಂತಿತು. ‘ಶಾಂತವಾಗಿದ್ದಾರೆ’ ಎಂದು ರಿಪೋರ್ಟು ಹೇಳಿತು.

ಹೊಸದಾಗಿ ಬಂದ ಡಾಕ್ಟರ್ ದುರ್ಗಾಪ್ರಸಾದ್ ಮುದುಕಿಯ ಮೊಣಕೈ ಮಡಿಸಿ ನೋಡಿದರು, ‘ಗಲಾಟೆ’ ಎಂದರೆ ಏನೆಂದು ಕೇಳಿ ವರಾಂಡದ ನಡಿಗೆಯ ವಿಷಯ ತಿಳಿದುಕೊಂಡರು. “ಸಿಸ್ಟರ್, ಈ ಸೆಟೆತವೂ ಆ ನಡಿಗೆಯೂ ಕಾಯಿಲೆಯದಲ್ಲ, ಮಾತ್ರೆಯದು. ಆಗ ಈಕೆ ಏನೂ ಹೇಳಲಿಲ್ಲವಾ?” ಎಂದು ತೆಲುಗಿನಲ್ಲಿ ಕೇಳಿದರು.

ಹೇಳಿದ್ದಳು. ಇಡೀ ಆಶ್ರಮದಲ್ಲಿ ತನ್ನ ಮಾತು ತಿಳಿಯುವ ಒಬ್ಬಳಿಗೇ ಹೇಳಿದ್ದಳು. ಸುಲೋಚನಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾತ್ರೆ ಬಿಡಿಸಿದರು. ತಿಂಗಳೊಳಗೆ ಕೈ ಸಡಿಲವಾಯಿತು, ಒಂದೆರಡು ಮಾತೂ ಮರಳಿತು. ಆಯಾ ರಾಜ್ಯಲಕ್ಷ್ಮಿ ಕೊಟ್ಟ ಗಂಜಿಯನ್ನು ಮುದುಕಿ ಚಪ್ಪರಿಸಿ ಕುಡಿದಳೆಂದು ತಿಳಿದದ್ದೇ ಸುಲೋಚನಾ ಮಂಡಕ್ಕಿ ಹಿಡಿದು ಓಡಿದಳು. ಮುದುಕಿ ಬಟ್ಟಲನ್ನು ನೋಡಿದಳು, ಅವಳ ಮುಖ ನೋಡಿದಳು. ‘ನೀ ತಿಂದ್ಯೇನವ್ವಾ’ ಎಂದು ಕೇಳಲಿಲ್ಲ.

ಸುಲೋಚನಾ ತಾನೇ ಒಂದು ಮುಕ್ಕು ಬಾಯಿಗೆ ಹಾಕಿಕೊಂಡಳು. “ತಿಂದೆ ನೋಡಮ್ಮಾ, ನಾನೂ ತಿಂದೆ,” ಎಂದಳು.

ಮುದುಕಿ ತುಟಿ ಬಿಗಿದುಕೊಂಡು ಗೋಡೆಯ ಕಡೆ ತಿರುಗಿದಳು.