ಓಂಕಾರಮೂರ್ತಿಯವರು ‘ಇಳಿಸಿ’ ಎಂದ ಮೋಟಾರುಗಳು

ಬೀರೂರಿನ ಓಂಕಾರಮೂರ್ತಿಯವರಿಗೆ ಈಗ ಎಪ್ಪತ್ತನಾಲ್ಕು ವರ್ಷ. ಅದರಲ್ಲಿ ಐವತ್ತೈದು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವುದು. ಹುಟ್ಟಿದ್ದು ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ. ಓದು ಏಳನೇ ತರಗತಿಗೆ ನಿಂತಿತು. ಬೀರೂರಿನ ಮುನಿಯಪ್ಪ ಎಂಬ ಮೆಕ್ಯಾನಿಕ್ಕಿನ ಕೈಕೆಳಗೆ ಹತ್ತು ವರ್ಷ ದುಡಿದು, ಸ್ಟೇಷನ್ ರಸ್ತೆಯಲ್ಲಿ ಸ್ವಂತ ಅಂಗಡಿ ತೆರೆದರು. ತರೀಕೆರೆಯ ಪ್ರೇಮಮ್ಮನನ್ನು ಮದುವೆಯಾದರು. ಒಬ್ಬನೇ ಮಗ, ಮೃತ್ಯುಂಜಯ. ಓಂಕಾರಮೂರ್ತಿಯವರು ಸಂತರೇನಲ್ಲ. ಮುಂಗೋಪಿ. ಹೆಂಡತಿಯ ಮಾತನ್ನು ಪೂರ್ತಿ ಕೇಳಿದ್ದು ಅಪರೂಪ. ಮಗನ ಕೆಲಸದಲ್ಲಿ ತಪ್ಪು ಕಂಡರೆ ಗಿರಾಕಿಗಳ ಎದುರಿಗೇ ಬಯ್ಯುತ್ತಿದ್ದರು.

ಈ ಸೀಮೆಯಲ್ಲಿ ಮೋಟಾರ್ ಸುತ್ತಿಸುವವರು ಅಂಗಡಿಯಲ್ಲೇ ಕಾವಲು ಕೂರುತ್ತಾರೆ. ಹೊಸ ತಂತಿ ತೋರಿಸಿ ಹಳೆಯದನ್ನೇ ಸುತ್ತಿಬಿಟ್ಟರೆ ಎಂಬ ಅನುಮಾನ. ಬುತ್ತಿ ಕಟ್ಟಿಕೊಂಡು ಬಂದು, ಕಣ್ಣು ಕೀಳದೆ ಸಂಜೆಯವರೆಗೆ ಕುಳಿತವರುಂಟು. ಓಂಕಾರಮೂರ್ತಿಯವರ ಅಂಗಡಿಯಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ. ಮೋಟಾರ್ ಬಿಟ್ಟು ಸಂತೆಗೆ ಹೋಗುತ್ತಿದ್ದರು. ಸುತ್ತಿ ಮುಗಿದ ಮೇಲೆ ಅವರು ತಂತಿಯ ಮೇಲೆ ಬೆರಳಾಡಿಸಿ, ಬಿಗಿ ನೋಡಿ, ‘ಇಳಿಸಿ’ ಎನ್ನುತ್ತಿದ್ದರು. ಅಷ್ಟಾದರೆ ಪಂಚನಹಳ್ಳಿಯವನಾಗಲಿ ಅಜ್ಜಂಪುರದವನಾಗಲಿ ಮೋಟಾರನ್ನು ಬೋರ್‌ವೆಲ್ಲಿಗೆ ಇಳಿಸುತ್ತಿದ್ದ. ಬೇರೆ ಆಸ್ತಿ ಅವರಿಗೆ ಇರಲಿಲ್ಲ.

ಅರವತ್ತೆಂಟಕ್ಕೆ ಸೊಂಟ ಕೈಕೊಟ್ಟಿತು. ಮೋಟಾರ್ ಎತ್ತುವುದು, ಸುತ್ತುವುದು, ತಂತಿ ತರುವುದು ಎಲ್ಲ ಮೃತ್ಯುಂಜಯನ ಪಾಲಿಗೆ ಬಂತು. ಅಪ್ಪ ಕುರ್ಚಿಯಲ್ಲಿ ಕುಳಿತು ಬೆರಳಾಡಿಸಿ ‘ಇಳಿಸಿ’ ಎನ್ನುವುದೊಂದು ಉಳಿಯಿತು. ಬೋರ್‌ವೆಲ್ ಮೋಟಾರಿನ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರುತ್ತದೆ. ಒಳಗಿನ ಲೋಹ ಯಾವುದೆಂದು ಕೆರೆದರಷ್ಟೇ ಕಾಣುತ್ತದೆ. ಸ್ವಂತ ಮಗ ತಂದ ತಂತಿಯನ್ನು ಕೆರೆದು ನೋಡಬೇಕೆಂದು ಅವರಿಗೆ ತೋಚಲಿಲ್ಲ.

ಕಳೆದ ಮಾಘದಲ್ಲಿ ಪಂಚನಹಳ್ಳಿಯ ತೆಂಗಿನ ತೋಟದ ಜಯದೇವಪ್ಪ ಆಟೋದಲ್ಲಿ ಮೋಟಾರ್ ಹಾಕಿಕೊಂಡು ಬಂದ. ಮೃತ್ಯುಂಜಯ ಅಂಗಡಿಯಲ್ಲಿರಲಿಲ್ಲ.

“ನೀವು ಇಳಿಸಿ ಅಂದ್ರಿ, ಇಳಿಸ್ದೆ. ಮೂರೇ ತಿಂಗ್ಳಿಗೆ ಸುಟ್ಟೋಯ್ತು ಕಣ್ರೀ.”

“ಕರೆಂಟು ಏರುಪೇರಾಗಿರ್ಬೇಕು ಕಣಯ್ಯ. ಬಿಚ್ಚು, ನೋಡಾಣ.”

ಕರಕಲಾದ ತಂತಿಯೊಂದನ್ನು ಎಳೆದು ಬ್ಲೇಡಿನಿಂದ ಕೆರೆದರು. ಬೆಳ್ಳಗಿತ್ತು. ಅಲ್ಯೂಮಿನಿಯಂ.

ಜಯದೇವಪ್ಪ ಬಗ್ಗಿ ನೋಡಿದ. “ಇದೇನ್ರೀ ಓಂಕಾರಪ್ಪಾರೇ, ನಿಮ್ಮಂಗೇ ತಾಮ್ರಕ್ಕೂ ತಲೆ ನರೆತೋಯ್ತಾ?”

ಬೀರುವಿನಲ್ಲಿ ಓಂಕಾರಮೂರ್ತಿಯವರು ಹಿಂದೆ ಕೊಂಡಿಟ್ಟಿದ್ದ ತಾಮ್ರದ ತಂತಿ ಒಂದಿಷ್ಟು ಉಳಿದಿತ್ತು. ನೆಲಕ್ಕೆ ಕೂತು, ಸೊಂಟಕ್ಕೆ ದಿಂಬು ಕೊಟ್ಟುಕೊಂಡು, ಎರಡು ದಿನ ಹಿಡಿದು ಅದನ್ನು ತಾವೇ ಸುತ್ತಿಕೊಟ್ಟರು. ಮೊದಲ ದಿನ ಸಂಜೆ ಮನೆಯಲ್ಲಿ ಮಗನನ್ನು ಕೇಳಿದರು.

“ಎಷ್ಟು ದಿವ್ಸದಿಂದ ನಡೀತಿದೆ ಇದು?”

“ಎರಡು ವರ್ಷ. ಎಲ್ರೂ ಅದನ್ನೇ ಹಾಕೋದು ಅಪ್ಪಾಜಿ. ತಾಮ್ರ ಹಾಕಿದ್ರೆ ಅಂಗಡಿ ಉಳಿಯಲ್ಲ.”

“ಅದನ್ನೇ ಹಾಕು. ಹೇಳಿ ಹಾಕು. ಬೇಕಾದೋರು ಸುತ್ತಿಸ್ಕೊಳ್ಳಲಿ.”

“ಹೇಳಿದ್ರೆ ನಮ್ಮ ಹತ್ರ ಯಾಕೆ ಬತ್ತಾರೆ?”

“ಅದಕ್ಕೆ ನನ್ನನ್ನ ಕುರ್ಚಿ ಮೇಲೆ ಕೂರ್ಸಿದ್ದೇನೋ?”

ಮಾತಾಡಿದ್ದು ಪ್ರೇಮಮ್ಮ. “ನಿಧಾನಕ್ಕೆ ಮಾತಾಡ್ರೀ. ನಂಗೂ ಗೊತ್ತಿತ್ತು. ಆ ತಂತಿ ಇರೋದು ನಮ್ಮ ಅಡುಗೆಮನೆ ಅಟ್ಟದಲ್ಲೇ. ನಿಮಗೆ ಹೇಳಿದ್ರೆ ಬೀದೀಲಿ ನಿಂತು ಕೂಗಾಡ್ತಿದ್ರಿ. ಇರೋನು ಒಬ್ಬ ಮಗ.”

ಎರಡು ವರ್ಷ ಆ ಅಟ್ಟದ ಕೆಳಗೇ ಕುಳಿತು ಅವರು ಊಟ ಮಾಡಿದ್ದರು.

ಜಯದೇವಪ್ಪನ ಮೋಟಾರ್ ಕೊಟ್ಟು ಕಳಿಸಿದ ಮೇಲೆ ಅವರು ಅಂಗಡಿಯ ಪುಸ್ತಕ ತೆಗೆದು, ಎರಡು ವರ್ಷದಲ್ಲಿ ಯಾವ ಊರಿನ ಯಾರ ಮೋಟಾರಿಗೆ ‘ಇಳಿಸಿ’ ಅಂದಿದ್ದೇನೆಂದು ಪಟ್ಟಿ ಮಾಡಿದರು. ಒಬ್ಬೊಬ್ಬರ ಮನೆಗೂ ಹೋಗಿ ಸತ್ಯ ಹೇಳುವುದೆಂದು ನಿಶ್ಚಯಿಸಿದರು. ಬಸ್ಸಿನಲ್ಲಿ ಮೊದಲು ಹೋದದ್ದು ಅಜ್ಜಂಪುರದ ಆಚೆಗಿನ ತಿಪ್ಪಮ್ಮನ ಮನೆಗೆ. ಗಂಡ ಸತ್ತ ಮೇಲೆ ಜಮೀನನ್ನು ತಾನೇ ನೋಡಿಕೊಳ್ಳುವ ಗಟ್ಟಿಗಿತ್ತಿ ಆಕೆ. ಇವರನ್ನು ಕಂಡ ಕೂಡಲೇ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿದಳು.

“ಮೊದ್ಲು ಕಾಫಿ ಕುಡೀರಣ್ಣ.”

“ಕಾಫಿ ಇರ್ಲಿ ತಾಯಿ. ನಿನ್ನ ಮೋಟಾರಿಗೆ ಸುತ್ತಿರೋದು ತಾಮ್ರ ಅಲ್ಲ. ಬೇಸಗೆ ತಡೆಯಲ್ಲ ಅದು. ಎತ್ತಿಸು, ನಾನೇ ಬೇರೆ ಸುತ್ತಿಕೊಡ್ತೀನಿ.”

“ಆಗ್ಲಿ ಬಿಡಿ, ಎತ್ತಿಸಾಣ,” ಎಂದಳು, ಮಕ್ಕಳನ್ನು ಸಮಾಧಾನ ಮಾಡುವ ದನಿಯಲ್ಲಿ.

“ಯಾಕೆ ಹಂಗಂತೀಯ?”

ತಿಪ್ಪಮ್ಮ ಸ್ವಲ್ಪ ಹಿಂಜರಿದಳು. “ಮೃತ್ಯುಂಜಯ ಫೋನ್ ಮಾಡಿದ್ದ ಕಣಣ್ಣ. ಅಪ್ಪಾಜಿಗೆ ಅರಳುಮರಳು, ಎಲ್ರ ಮನೇಗೂ ಹೋಗಿ ಮೋಟಾರ್ ಸರಿಯಿಲ್ಲ ಅಂತಾರೆ, ಬೇಜಾರು ಮಾಡ್ಕೋಬೇಡಿ, ಬಿಸಿಲಿಗೆ ಬಿಡದೆ ಕೂರ್ಸಿರಿ, ಬತ್ತೀನಿ ಅಂದ. ಎಷ್ಟು ಮರ್ಯಾದೆಯಿಂದ ಮಾತಾಡ್ತಾನಪ್ಪ ನಿಮ್ಮ ಮಗ!”

“ನನ್ನ ನೋಡಿದ್ರೆ ಹಂಗೆ ಕಾಣ್ತದಾ ತಿಪ್ಪಮ್ಮ?”

“ಇಲ್ಲ. ಆದ್ರೆ ನೀರು ಚೆನ್ನಾಗೇ ಬತ್ತಿದೆಯಲ್ಲ. ಏಳ್ನೂರು ಅಡಿಯಿಂದ ಅದನ್ನ ಸುಮ್ನೆ ಎತ್ತಿಸೋದು ಹೆಂಗೆ?”

ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ. ಲಾರಿ ತರಿಸಿ, ಆಳುಗಳನ್ನು ಕರೆಸಿ, ಇಡೀ ದಿನ ಪೈಪು ಕಳಚಬೇಕು. ಓಡುತ್ತಿರುವ ಮೋಟಾರನ್ನು ಒಬ್ಬ ಮುದುಕನ ಮಾತಿಗೆ ಯಾರೂ ಮೇಲೆತ್ತುವುದಿಲ್ಲ. ಮಗನಿಗೆ ಈ ಲೆಕ್ಕಾಚಾರ ಚೆನ್ನಾಗಿ ಗೊತ್ತಿತ್ತು. ಬಹುಶಃ ಅಪ್ಪನಿಂದಲೇ ಕಲಿತದ್ದು. ಪಟ್ಟಿಯಲ್ಲಿದ್ದ ಮುಂದಿನ ಮನೆಗಳಿಗೂ ಫೋನು ಇವರಿಗಿಂತ ಮೊದಲೇ ಹೋಗಿತ್ತು. ಎಲ್ಲ ಕಡೆ ಕಾಫಿ ಕೊಟ್ಟರು.

ಆಮೇಲೆ ಅವರು ಸ್ಟೇಷನ್ ರಸ್ತೆಯ ಅಂಗಡಿಗೆ ಹೋಗಲಿಲ್ಲ. ಕಡೂರಿನಲ್ಲಿ ರೇಣುಕಪ್ರಸಾದ್ ಎಂಬವರ ವೈಂಡಿಂಗ್ ಅಂಗಡಿಯಲ್ಲಿ ಕೂಲಿಗೆ ಸೇರಿದರು. ಕೂತು ಮಾಡುವ ಕೆಲಸವಷ್ಟೆ. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾರೆ. ಮನೆಯಲ್ಲಿ ಊಟ ಮಾಡುವುದಿಲ್ಲ. ಪ್ರೇಮಮ್ಮ ತಟ್ಟೆ ಹಾಕುವುದನ್ನು ಬಿಟ್ಟಿಲ್ಲ, ಇವರು ಕೂರುವುದಿಲ್ಲ.

ಈ ಬೇಸಗೆಯಲ್ಲಿ ಮೋಟಾರುಗಳು ಒಂದೊಂದಾಗಿ ಸುಟ್ಟವು. ಏಪ್ರಿಲಿನಲ್ಲಿ ತರೀಕೆರೆ ಕಡೆಯ ರೈತನೊಬ್ಬ ಕಡೂರಿನ ಅಂಗಡಿಗೆ ಒಂದನ್ನು ತಂದ. ಇವರ ಗುರುತು ಅವನಿಗಿರಲಿಲ್ಲ.

“ಬೀರೂರಿನ ಓಂಕಾರಮೂರ್ತಿ ಅನ್ನೋನು ಇಳಿಸಿ ಅಂದನಂತೆ, ನಮ್ಮ ಹುಡುಗ ನಂಬ್ಕೊಂಡು ಇಳಿಸಿದ್ದಾನೆ. ಮನೆಹಾಳ ಕಣಜ್ಜ. ನೋಡಿದ್ದೀರಾ ಅವನನ್ನ?”

“ನಾನೇ ಅವನು,” ಎಂದರು ಓಂಕಾರಮೂರ್ತಿ.

ರೈತ ತಮಾಷೆ ಎಂದುಕೊಂಡು ನಕ್ಕ. ಅವರು ನಗಲಿಲ್ಲ. ಅವನು ರೇಣುಕಪ್ರಸಾದರ ಮುಖ ನೋಡಿದ. ಮೋಟಾರನ್ನು ಮತ್ತೆ ಗಾಡಿಗೆ ಹೇರಿಸಿಕೊಂಡು ಹೊರಟುಹೋದ.

“ಗಿರಾಕಿ ಕಳೆದ್ರಲ್ಲ ಸ್ವಾಮಿ! ಹೆಸರು ಹೇಳ್ಬೇಡಿ ಅಂತ ಎಷ್ಟು ಸಲ ಹೇಳಿದ್ದೆ?” ಎಂದರು ರೇಣುಕಪ್ರಸಾದ್.

“ಕೇಳ್ದ, ಹೇಳ್ದೆ. ನಾಳೆಯಿಂದ ಬರಬೇಡ ಅಂದ್ರೆ ಬರಲ್ಲ.”

ರೇಣುಕಪ್ರಸಾದ್ ಹಾಗೆ ಅನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ.